ಹಕ್ಕಿಜ್ವರ ಬಂದ ಊರಿನಲ್ಲಿ ನೆಟ್ಟಗಿರುವ ಕೋಳಿಗಳನ್ನೂ ಕೊಲ್ಲಬೇಕೆ?

2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ನವಾಪುರದಲ್ಲಿ ಮೊತ್ತಮೊದಲಾಗಿ ನಮ್ಮ ದೇಶಕ್ಕೆ ಕಾಲಿಟ್ಟ ಹಕ್ಕಿಜ್ವರವು, 2012ರಲ್ಲಿ ಹೆಸರಘಟ್ಟದ ಸರ್ಕಾರಿ ಕುಕ್ಕುಟ ಕೇಂದ್ರವನ್ನೂ, 2020ರಲ್ಲಿ ಮೈಸೂರು ಮತ್ತು ಹರಿಹರದ ಕಡೆಯ ಊರುಗಳನ್ನೂ, 2025ರಲ್ಲಿ ಚಿಕ್ಕಬಳ್ಳಾಪುರ, ಸಂಡೂರುಗಳ ಹಳ್ಳಿಗಳನ್ನೂ ಹೊಕ್ಕಿತು. ಭೋಪಾಲದ ಪ್ರಯೋಗಾಲಯವು ರೋಗವನ್ನು ದೃಢಪಡಿಸಿದೊಡನೆ, ಅದು ಕಂಡ ಸ್ಥಳದ ಸುತ್ತ ಒಂದು ಕಿಲೋಮೀಟರಿನೊಳಗಿನ ಸಾಕುಹಕ್ಕಿಗಳೆಲ್ಲವನ್ನೂ, ರೋಗವಿರಲಿ ಇಲ್ಲದಿರಲಿ, ಕೊಂದು ಹೂಳತಕ್ಕದ್ದೆಂಬುದು ಸರ್ಕಾರದ ನಿಯಮ. ಇದು ಸರಿಯೇ?

ಪರ

ಸರಿ, ಏಕೆಂದರೆ ಈ ರೋಗದಲ್ಲಿ ‘ನೆಟ್ಟಗಿರುವ ಕೋಳಿ’ ಎಂಬುದು ಕಣ್ಣಿನ ಭ್ರಾಂತಿಯಾಗಿರಬಹುದು. ಇಂದು ಕಾಳು ಕೆದಕುತ್ತಿರುವ ಹೇಟೆಯು ನಾಳೆ ಜುಟ್ಟು ನೀಲಿಗಟ್ಟಿ, ತಲೆ ಊದಿ ಬೀಳುವುದಕ್ಕೆ ಮೊದಲೇ ತನ್ನ ಹಿಕ್ಕೆಯಲ್ಲಿಯೂ ಉಸಿರಿನಲ್ಲಿಯೂ ವೈರಾಣುವನ್ನು ಹೊರಚೆಲ್ಲುತ್ತಿರುತ್ತದೆ. ಆ ಹಿಕ್ಕೆ ಕೆಲಸದವನ ಚಪ್ಪಲಿಗೂ ಮೊಟ್ಟೆಯ ತಟ್ಟೆಗೂ ಲಾರಿಯ ಚಕ್ರಕ್ಕೂ ಅಂಟಿ ಮುಂದಿನ ಫಾರಂನ ಬಾಗಿಲನ್ನು ಸೇರುತ್ತದೆ.

ಇದಕ್ಕೆ ಹಾಂಗ್‌ಕಾಂಗ್ ನಿದರ್ಶನ. 1997ರ ಮೇ ತಿಂಗಳಲ್ಲಿ ಅಲ್ಲಿ ಮೂರು ವರ್ಷದ ಬಾಲಕನೊಬ್ಬನು ಎಚ್5ಎನ್1 ಎಂಬ ಈ ವೈರಾಣುವಿಗೆ ಬಲಿಯಾದನು. ವರ್ಷಾಂತ್ಯಕ್ಕೆ ಸೋಂಕು ತಗುಲಿದವರು 18 ಮಂದಿ, ಅವರಲ್ಲಿ ಸತ್ತವರು 6 ಮಂದಿ. ಡಿಸೆಂಬರ್ ಕೊನೆಯಲ್ಲಿ ಆಡಳಿತವು ನಗರದ ಸುಮಾರು 15 ಲಕ್ಷ ಕೋಳಿಗಳನ್ನು ಕೊಲ್ಲಿಸಿತು. ಅಲ್ಲಿಗೆ ಆ ನಗರದಲ್ಲಿ ಮನುಷ್ಯರಿಗೆ ಸೋಂಕು ತಗುಲುವುದು ನಿಂತಿತು. ಆ ನಿರ್ಧಾರವನ್ನು ಕೈಕೊಂಡವರನ್ನು ಕ್ರೂರಿಗಳೆಂದು ಕರೆಯಲು ನನ್ನ ಮನಸ್ಸು ಒಪ್ಪದು.

2003ರಿಂದೀಚೆಗೆ ಈ ವೈರಾಣು ತಗುಲಿತೆಂದು ಲೋಕದಲ್ಲಿ ದಾಖಲಾದವರು 900ಕ್ಕೂ ಹೆಚ್ಚು, ಅವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಬದುಕುಳಿಯಲಿಲ್ಲ. 2021ರಲ್ಲಿ ದೆಹಲಿಯ ಆಸ್ಪತ್ರೆಯಲ್ಲಿ ಹರಿಯಾಣದ ಬಾಲಕನೊಬ್ಬನೂ, 2025ರಲ್ಲಿ ಆಂಧ್ರಪ್ರದೇಶದ ಎರಡು ವರ್ಷದ ಹೆಣ್ಣುಮಗುವೂ ತೀರಿಹೋದರು. ಸದ್ಯ ಇದು ಮನುಷ್ಯನಿಂದ ಮನುಷ್ಯನಿಗೆ ಸುಲಭವಾಗಿ ದಾಟದು. ಆದರೆ ಹಕ್ಕಿಯಿಂದ ಹಕ್ಕಿಗೆ ಹರಿದಷ್ಟೂ ರೂಪಾಂತರ ಹೊಂದಲು ಅದಕ್ಕೆ ಅವಕಾಶ ದೊರೆಯುತ್ತದೆ. ಆ ಅವಕಾಶವನ್ನು ಮೊಳಕೆಯಲ್ಲಿಯೇ ಚಿವುಟುವ ಉಪಾಯ ವಧೆಯೊಂದೇ.

ವಿರೋಧ

ಸರಿಯಲ್ಲ, ಏಕೆಂದರೆ ಕೊಲೆಯು ಕೋಳಿಯ ಗೂಡನ್ನು ಮುಟ್ಟೀತೇ ಹೊರತು ರೋಗದ ಮೂಲವನ್ನು ಮುಟ್ಟಲಾರದು. ಈ ವೈರಾಣುವನ್ನು ಖಂಡದಿಂದ ಖಂಡಕ್ಕೆ ಹೊತ್ತೊಯ್ಯುವ ಕಾಡುಬಾತುಗಳನ್ನೂ ಹೆಬ್ಬಾತುಗಳನ್ನೂ ಯಾವ ಸರ್ಕಾರವೂ ಕೊಂದು ಮುಗಿಸಲಾರದು, ಕೊಲ್ಲಲೂಬಾರದು. ಹಾಂಗ್‌ಕಾಂಗಿನಲ್ಲಿ ಅಳಿಸಿಹೋಯಿತೆಂದುಕೊಂಡ ಎಚ್5ಎನ್1 2003ರ ಕೊನೆಯ ಹೊತ್ತಿಗೆ ಏಷ್ಯಾದ ಹಲವು ದೇಶಗಳಲ್ಲಿ ತಲೆಯೆತ್ತಲಿಲ್ಲವೇ?

ಫ್ರಾನ್ಸ್ ದೇಶವೂ ದೀರ್ಘಕಾಲ ವಧೆಯನ್ನೇ ನೆಚ್ಚಿತ್ತು. 2021-22ರ ಒಂದೇ ಋತುವಿನಲ್ಲಿ ಎರಡು ಕೋಟಿಗೂ ಮಿಕ್ಕು ಹಕ್ಕಿಗಳನ್ನು ಕಳೆದುಕೊಂಡ ತರುವಾಯ, 2023ರ ಅಕ್ಟೋಬರಿನಿಂದ ಸಾಕುಬಾತುಗಳಿಗೆ ಲಸಿಕೆ ಹಾಕತೊಡಗಿತು. 2021-22ರಲ್ಲಿ ಸಾವಿರಕ್ಕೂ ಹೆಚ್ಚು ಫಾರಂಗಳಲ್ಲಿ ಕಾಣಿಸಿಕೊಂಡಿದ್ದ ರೋಗವು ಲಸಿಕೆ ಹಾಕತೊಡಗಿದ ಋತುವಿನಲ್ಲಿ ಹತ್ತರ ಆಸುಪಾಸಿಗೆ ಇಳಿಯಿತು.

ಇನ್ನು ವಧೆಯ ಭಾರವನ್ನು ಹೊರುವವರು ಯಾರು? ಸಾವಿರಾರು ಕೋಳಿಗಳ ಫಾರಂನ ಒಡೆಯನಿಗೆ ಸಾಲವೋ ಬಂಡವಾಳವೋ ಇದ್ದೀತು. ಹಿತ್ತಲಲ್ಲಿ ನಾಲ್ಕು ನಾಟಿ ಹೇಟೆ, ಒಂದು ಹುಂಜವನ್ನು ಸಾಕಿ, ಮೊಟ್ಟೆ ಮಾರಿದ ಕಾಸಿನಿಂದ ಮಗುವಿಗೆ ಪಾಟಿ-ಪುಸ್ತಕ ತರುವ ತಾಯಿಗೆ ಆ ಮಂಕರಿಯೇ ಬ್ಯಾಂಕು. ಕೇಂದ್ರವೂ ರಾಜ್ಯವೂ ಅರ್ಧರ್ಧ ಭರಿಸುವ ಪರಿಹಾರ ಉಂಟೆಂಬುದು ದಿಟ. ಆದರೆ ಅದು ದರಪಟ್ಟಿಯಂತೆ ಕೊಂದ ಹಕ್ಕಿಗೂ ನಾಶಪಡಿಸಿದ ಮೊಟ್ಟೆ-ಮೇವಿಗೂ ಸಲ್ಲುತ್ತದೆಯೇ ಹೊರತು, ಕಾವಿಗೆ ಕೂರಬೇಕಾಗಿದ್ದ ಹೇಟೆಯ ಮುಂದಿನ ಮರಿಗಳಿಗಲ್ಲ. ಅಧಿಕಾರಿಗಳ ಜೀಪು ಎಂದರೆ ಕೋಳಿಯ ಕತ್ತು ಮುರಿಯುವ ಜೀಪು ಎಂಬ ಭೀತಿ ಹರಡಿದಂದು, ಜನರು ರೋಗದ ಕೋಳಿಯನ್ನು ಕತ್ತಲಲ್ಲಿ ಸಂಬಂಧಿಕರ ಊರಿಗೆ ಸಾಗಿಸುವರು, ಇಲ್ಲವೆ ಸಂತೆಯಲ್ಲಿ ಅಗ್ಗಕ್ಕೆ ಮಾರುವರು. ರೋಗವನ್ನು ತಡೆಯಲೆಂದು ವಿಧಿಸಿದ ನಿಯಮವೇ ರೋಗಕ್ಕೆ ವಾಹನವಾಗುವುದು ಹೀಗೆ.

ಲೇಖಕನ ಮಾತು

ಲಸಿಕೆಯ ವಾದಕ್ಕೂ ಒಂದು ಗಂಟಿದೆ: ಲಸಿಕೆ ಪಡೆದ ಹಕ್ಕಿ ತಾನು ಸಾಯದೆ, ವೈರಾಣುವನ್ನು ಗುಟ್ಟಾಗಿ ಹೊತ್ತು ತಿರುಗಬಹುದು, ಆದ್ದರಿಂದಲೇ ಫ್ರಾನ್ಸ್ ಲಸಿಕೆಯ ಜೊತೆಗೆ ನಿರಂತರ ತಪಾಸಣೆಯನ್ನೂ ಇರಿಸಿಕೊಂಡಿದೆ. ಅಂತಹ ತಪಾಸಣೆ ನಮ್ಮ ಹಳ್ಳಿಹಳ್ಳಿಯ ಹಿತ್ತಲಿಗೆ ತಲಪುವ ತನಕ, ರೋಗ ಕಂಡಲ್ಲಿ ವಧೆ ಅನಿವಾರ್ಯವೆಂದೇ ನಾನು ಒಪ್ಪುತ್ತೇನೆ. ಆದರೆ ಕೊಲ್ಲುವ ಕೈ ಅಂಗಳಕ್ಕೆ ಬಂದ ದಿನವೇ ಪರಿಹಾರದ ಹಣವೂ ಅದೇ ಅಂಗಳಕ್ಕೆ ಬರತಕ್ಕದ್ದು. ಇದನ್ನು ನಾನು ಕರುಣೆಯ ಮಾತೆಂದು ಮಾತ್ರ ಹೇಳುತ್ತಿಲ್ಲ, ರೋಗ ಬಚ್ಚಿಟ್ಟುಕೊಳ್ಳದಂತೆ ತಡೆಯುವ ಉಪಾಯವೆಂದೂ ಹೇಳುತ್ತಿದ್ದೇನೆ.

ಚೆನ್ನಾಗಿ ಬೆಂದ ಮಾಂಸಕ್ಕೂ ಮೊಟ್ಟೆಗೂ ಅಂಜಬೇಕಾಗಿಲ್ಲ. 70 ಡಿಗ್ರಿ ಸೆಲ್ಸಿಯಸ್ ಶಾಖ ಒಳಗಿನವರೆಗೂ ತಟ್ಟಿದರೆ ವೈರಾಣು ಉಳಿಯದು. ಹಿತ್ತಲಲ್ಲಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತುಬೀಳುತ್ತಿದ್ದರೆ ಬರಿಗೈಯಿಂದ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಉಳಿದವನ್ನು ಸಂತೆಗೆ ಒಯ್ಯಬೇಡಿ. ಅಂದೇ ಪಶು ಆಸ್ಪತ್ರೆಗೆ ತಿಳಿಸಿರಿ.