ತಲೆನೋವಿನ ದಿನಚರಿ

ಇಚಿಲಂಪಾಡಿಯ ಕಡೆಯಿಂದ ಬರುವ ಬಾಲಕನೊಬ್ಬನು ಪದೇಪದೇ ತಲೆನೋವೆಂದಾಗ, ವ್ಯಾಕರಣಪಾಠ ತಪ್ಪಿಸುವ ನೆಪವೆಂದು ಗದರಿದವನು ನಾನೇ. ಆಯುರ್ವೇದವು ಅರ್ಧಾವಭೇದಕವೆಂದು ಹೆಸರಿಸಿದ ಅರೆತಲೆನೋವು ನೆಪವಲ್ಲ. 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಅದಿರುವುದನ್ನು ತೋರಿಸಿತು. ಹದಿಹರೆಯದವರೂ ಅದಕ್ಕೆ ಹೊರತಲ್ಲ.

ನೋವು ಬಂದ ದಿನ, ನಿದ್ರೆ, ತಪ್ಪಿದ ಊಟ, ನುಂಗಿದ ಮಾತ್ರೆ—ಇವನ್ನು ಬರೆದಿಡುವ ಮೊಬೈಲ್ ಆ್ಯಪ್‌ಗಳು ಈಗ ಬಂದಿವೆ. ನೋವನ್ನು ಅವು ಗುಣಪಡಿಸಲಾರವು. ಆದರೆ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ಪ್ಯಾರಸಿಟಮಾಲ್ ನುಂಗಿದರೆ ಆ ಮಾತ್ರೆಯೇ ತಲೆನೋವನ್ನು ಬೆಳೆಸಬಹುದು; ಈ ಲೆಕ್ಕವನ್ನು ಯಾವ ಮಗು ನೆನಪಿಟ್ಟೀತು? ನಿದ್ರೆ ಕದಿಯುವುದೂ ಅದೇ ಮೊಬೈಲೆಂಬ ಆಕ್ಷೇಪ ನಿಜವೇ. ಎರಡು ನಿಮಿಷ ಬರೆದು ಕೆಳಗಿಡಲಿ. ಆ ಬರಹ ವೈದ್ಯರ ಮುಂದೆ ಹೋಗಲಿ. ಮೊಬೈಲಿಲ್ಲದ ಮಗುವಿಗೆ ನಾವು ಅಧ್ಯಾಪಕರೇ ಒಂದು ನೋಟುಪುಸ್ತಕ ಕೊಡೋಣ.