ಯಂತ್ರದ ಬೆಲೆ, ಹಾಳೆಯ ಬೆಲೆ



ಮೊನ್ನೆ ನಾಂಪಲ್ಲಿಯಲ್ಲಿ ನೀವೆಲ್ಲ ಸೇರಿದ್ದಾಗ ಒಬ್ಬ ಹುಡುಗ, "ಆಂಟಿ, ಈ ವರ್ಷ ಹಣ ಕೂಡಿಸಿ ಕನ್ನಡ ಮಕ್ಕಳ ಶಾಲೆಗೆ ಒಂದು ಪ್ರಿಂಟರ್ ಕೊಡೋಣರಿ" ಎಂದ. ನಾನು ತಕ್ಷಣ ಹೂಂ ಅನ್ನಲಿಲ್ಲ. ಅವನ ಮುಖ ಚಿಕ್ಕದಾಯಿತು. ಕಾರಣ ಹೇಳಬೇಕಲ್ಲ, ಅದಕ್ಕೇ ಈ ಸಲ ಇದೇ ವಿಷಯ.

ಕೆಲವು ವರ್ಷಗಳ ಹಿಂದೆ ನನಗೆ ಗೊತ್ತಿದ್ದ ಚಿಕ್ಕ ಶಾಲೆಯೊಂದಕ್ಕೆ ಯಾರೋ ಪುಣ್ಯಾತ್ಮರು ಇಂಕ್‌ಜೆಟ್ ಪ್ರಿಂಟರ್ ಕೊಟ್ಟರು. ಹಾರ ಹಾಕಿ ಫೋಟೋ ತೆಗೆದದ್ದೂ ಆಯಿತು. ಬೇಸಿಗೆ ರಜೆಯಲ್ಲಿ ಅದನ್ನು ಯಾರೂ ಮುಟ್ಟಲಿಲ್ಲ, ಶಾಯಿ ಒಣಗಿ ಕಟ್ಟಿಕೊಂಡಿತು. ಹೊಸ ಕಾರ್ಟ್ರಿಜ್‌ಗಳ ಬೆಲೆ ಕೇಳಿ ಹೆಡ್‌ಮೇಡಂ ಸುಮ್ಮನಾದರು. ಪರೀಕ್ಷೆಯ ದಿನ ಪ್ರಶ್ನೆಗಳನ್ನು ಕಪ್ಪು ಹಲಗೆಯ ಮೇಲೆ ಬರೆದರು. ಹಿಂದಿನ ಬೆಂಚಿನ ಮಕ್ಕಳು ಕತ್ತು ಉದ್ದ ಮಾಡಿ ಅವನ್ನು ಬರೆದುಕೊಳ್ಳುವುದರಲ್ಲೇ ಅರ್ಧ ಗಂಟೆ ಹೋಯಿತು. ಒಲೆ ಪುಕ್ಕಟೆ ಬಂದರೇನು, ಗ್ಯಾಸಿಗೆ ದುಡ್ಡು ಬೇಡವೇ?

ಈಗ ಪೆನ್ಸಿಲ್ ಹಿಡಿಯಿರಿ. ಹತ್ತು ತರಗತಿ, ತರಗತಿಗೆ 20 ಮಕ್ಕಳು, ಆರು ವಿಷಯ, ಪ್ರತಿ ಪತ್ರಿಕೆ ಎರಡು ಹಾಳೆ. ಒಂದು ಪರೀಕ್ಷೆಗೆ 2,400 ಹಾಳೆಯಾಯಿತು. ನಮ್ಮಲ್ಲಿ ಎಲ್ಲ ಕಡೆ ಕಾಣುವ ಎಚ್‌ಪಿ 12ಎ ಲೇಸರ್ ಕಾರ್ಟ್ರಿಜ್ 2,000 ಹಾಳೆ ಬರುತ್ತದೆಂದು ಕಂಪನಿ ಹೇಳುತ್ತದೆ, ಅದೂ ಹಾಳೆಯಲ್ಲಿ ನೂರಕ್ಕೆ ಐದು ಪಾಲು ಮಾತ್ರ ಕಪ್ಪಾಗುವ ಲೆಕ್ಕದಲ್ಲಿ. ಅಂದರೆ ಪರೀಕ್ಷೆ ಮುಗಿಯುವ ಮೊದಲೇ ಖಾಲಿ! ಕಾರ್ಟ್ರಿಜ್‌ಗೆ 4,000 ರೂಪಾಯಿ ಎಂದಿಟ್ಟುಕೊಂಡರೂ ಹಾಳೆಗೆ ಎರಡು ರೂಪಾಯಿ ಪುಡಿಗೇ ಹೋಯಿತು, ಕಾಗದದ ಖರ್ಚು ಬೇರೆ. ನಾಂಪಲ್ಲಿ ಕೋರ್ಟಿನ ಹತ್ತಿರದ ಜೆರಾಕ್ಸ್ ಅಂಗಡಿಯವನು ಒಟ್ಟಿಗೆ ತಂದರೆ ಒಂದು ರೂಪಾಯಿಗೆ ಮಾಡಿಕೊಡುತ್ತೇನೆ ಎಂದರೆ, ಕಾಗದವೂ ಸೇರಿ ಅದೇ ಅಗ್ಗ.

ನಾವು ಓದುವಾಗ ಸೈಕ್ಲೋಸ್ಟೈಲ್ ಇತ್ತು. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿ ಉರುಳೆಗೆ ಸುತ್ತಿ ಒತ್ತುತ್ತಿದ್ದರು. ಕೈಗೆಲ್ಲ ಮಸಿ. ಅದರ ಮೊಮ್ಮಗನೇ ಇಂದಿನ ಡಿಜಿಟಲ್ ಡುಪ್ಲಿಕೇಟರ್. ಪ್ರತಿ ಮೂಲಪ್ರತಿಗೆ ಒಂದು ಮಾಸ್ಟರ್ ಹಾಳೆ ಬೇಕು. ಮಾಸ್ಟರಿಗೆ 50 ರೂಪಾಯಿ ಎಂದುಕೊಳ್ಳಿ. ಒಂದೇ ಪತ್ರಿಕೆ 200 ಮಕ್ಕಳಿಗಾದರೆ ಪ್ರತಿಗೆ 25 ಪೈಸೆ, 20 ಮಕ್ಕಳಿಗಾದರೆ ಎರಡೂವರೆ ರೂಪಾಯಿ. ದೊಡ್ಡ ಶಾಲೆಗೆ ವರವಾಗುವ ಯಂತ್ರ ನಮ್ಮ ಚಿಕ್ಕ ಕನ್ನಡ ಶಾಲೆಗೆ ಶಾಪ, ನೋಡಿ.

ಬಾಡಿಗೆ ಕಾಪಿಯರ್ ಕತೆ ಹಳೆಯದು. 1959ರ ಜೆರಾಕ್ಸ್ 914 ಯಂತ್ರವನ್ನು ಅಮೆರಿಕದಲ್ಲಿ ತಿಂಗಳಿಗೆ 95 ಡಾಲರಿಗೆ ಕೊಡುತ್ತಿದ್ದರು. 2,000 ಪ್ರತಿ ಅದರಲ್ಲೇ ಸೇರಿತ್ತು, ಮೇಲಿನ ಪ್ರತಿಯೊಂದಕ್ಕೂ ನಾಲ್ಕು ಸೆಂಟ್. ಕಂಪನಿ ಮಾರಿದ್ದು ಯಂತ್ರವನ್ನಲ್ಲ, ಹಾಳೆಗಳನ್ನು. ಇಂದಿನ ಒಪ್ಪಂದಗಳಲ್ಲೂ ತಿಂಗಳಿಗೆ ಕನಿಷ್ಠ ಇಷ್ಟು ಎಂದಿದ್ದರೆ ಮೇ ತಿಂಗಳ ರಜೆಯಲ್ಲೂ ಬಾಡಿಗೆ ಕಟ್ಟಬೇಕು.

ನನ್ನ ಮನಸ್ಸು ವಾಲಿದ್ದು ಇಂಕ್ ಟ್ಯಾಂಕ್ ಪ್ರಿಂಟರಿನ ಕಡೆಗೆ. ಕಪ್ಪು ಶಾಯಿಯ ಬಾಟಲಿ ಸುಮಾರು 4,000 ಹಾಳೆ ಬರುತ್ತದೆ. ಬಾಟಲಿಗೆ 500 ರೂಪಾಯಿ ಹಿಡಿದರೂ ಹಾಳೆಗೆ ಹನ್ನೆರಡೂವರೆ ಪೈಸೆ. 500 ಹಾಳೆಯ ಕಾಗದದ ಕಟ್ಟಿಗೆ 300 ಎಂದರೆ, ಎರಡೂ ಸೇರಿ ಮುಕ್ಕಾಲು ರೂಪಾಯಿಯೊಳಗೆ. ಆದರೆ ಇದರ ಶಾಯಿಯೂ ಒಣಗುತ್ತದೆ! ರಜೆಯಲ್ಲಿ ವಾರಕ್ಕೊಮ್ಮೆ ಹೋಗಿ ಒಂದು ಹಾಳೆ ತೆಗೆಯುವವರು ನಿಮ್ಮಲ್ಲಿ ಯಾರಾದರೂ ಇರಬೇಕು.

ಅಂಗಡಿಗೇ ಹೋಗುವುದಾದರೆ ಇನ್ನೊಂದು ಮಾತು. ನುಡಿಯಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೇ ಒಯ್ದರೆ, ಅಲ್ಲಿ ಆ ಅಕ್ಷರಗಳಿಲ್ಲದೆ ಕನ್ನಡವೆಲ್ಲ ಇಂಗ್ಲಿಷಿನ ಕಲಸುಮೇಲೋಗರವಾಗಿ ಬರುತ್ತದೆ. ಪಿಡಿಎಫ್ ಮಾಡಿ ಒಯ್ಯಿರಿ.

ಆ ಹುಡುಗನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಕಳೆದ ವರ್ಷ ಎಷ್ಟು ಹಾಳೆ ಖರ್ಚಾಯಿತು ಎಂದು ಶಾಲೆಯಲ್ಲಿ ಕೇಳಿಕೊಂಡು ಬರುತ್ತಾನಂತೆ. ಕೂಡಿಸಿದ ಹಣದಲ್ಲಿ ಅರ್ಧ ಶಾಯಿಗೂ ಕಾಗದಕ್ಕೂ ಎತ್ತಿಡೋಣ ಎಂದಿದ್ದೇನೆ. "ಹಾಗಾದರೆ ಚಿಕ್ಕ ಪ್ರಿಂಟರ್ ಬರುತ್ತದಲ್ಲ ಆಂಟಿ" ಎಂದ. ಬರಲಿ ಬಿಡಪ್ಪಾ ಎಂದೆ.