ವೆಂಕಟಾಪುರದ ಪರಿಹಾರವೂ ನಮ್ಮವರ ಕಾಗದಗಳೂ

ವಿಶಾಖಪಟ್ಟಣಕ್ಕೆ ಹೋದ ಪ್ರವಾಸಿಗಳು ಋಷಿಕೊಂಡದ ಕಡಲತೀರ ನೋಡದೆ ಹಿಂದಿರುಗುವುದಿಲ್ಲ. ಅಲ್ಲಿನ ಹೋಟೆಲುಗಳಲ್ಲಿ ತಟ್ಟೆ ಎತ್ತುವ, ಹಾಸಿಗೆ ಕೊಡವುವ ಹುಡುಗರು ರಾತ್ರಿ ಎಲ್ಲಿ ಮಲಗುತ್ತಾರೆಂದು ಯಾರೂ ಕೇಳುವುದಿಲ್ಲ. ಆ ಮಾತು ಹಾಗಿರಲಿ. ಅದೇ ನಗರದ ಇನ್ನೊಂದು ಅಂಚಿನಲ್ಲಿ, ಗೋಪಾಲಪಟ್ಟಣದ ಬಳಿ, ಆರ್. ಆರ್. ವೆಂಕಟಾಪುರವೆಂಬ ಊರಿದೆ. 2020ರ ಮೇ 7ರಂದು ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಅಲ್ಲಿಯ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಿಂದ ಸ್ಟೈರೀನ್ ಎಂಬ ವಿಷದ ಆವಿ ಹೊರಬಿದ್ದು, ಮಲಗಿದ್ದವರ ಮನೆಗಳನ್ನು ಹೊಕ್ಕಿತು. 12 ಮಂದಿ ಪ್ರಾಣ ಬಿಟ್ಟರು. ನೂರಾರು ಜನ ಆಸ್ಪತ್ರೆ ಸೇರಿದರು. ದನಗಳು ಕಟ್ಟಿದಲ್ಲೇ ಬಿದ್ದವು.

ಸೈರನ್ ಕೂಗಲಿಲ್ಲವೆಂದು ಸರಕಾರವೇ ನೇಮಿಸಿದ ಉನ್ನತಾಧಿಕಾರ ಸಮಿತಿ ಎರಡು ತಿಂಗಳ ನಂತರ ಹೇಳಿತು. ತೊಟ್ಟಿಯನ್ನು ತಂಪಾಗಿಡುವ ಏರ್ಪಾಡು ಸರಿಯಿರಲಿಲ್ಲ. ಪರಿಸರ ಅನುಮತಿ ತನ್ನ ಬಳಿ ಇಲ್ಲವೆಂದು 2019ರಲ್ಲಿ ಕಂಪನಿಯವರು ತಾವೇ ಬರೆದುಕೊಟ್ಟಿದ್ದರು. 1961ರಲ್ಲಿ ಹಿಂದೂಸ್ಥಾನ್ ಪಾಲಿಮರ್ಸ್ ಎಂದು ಹುಟ್ಟಿ, 1978ರಲ್ಲಿ ನಮ್ಮ ಬೆಂಗಳೂರಿನ ಯು.ಬಿ. ಗುಂಪಿನ ಮೆಕ್‌ಡೊವೆಲ್ ಕಂಪನಿಯ ಕೈಸೇರಿ, 1997ರಲ್ಲಿ ಕೊರಿಯದವರ ಪಾಲಾದ ಕಾರ್ಖಾನೆ ಅದು. ಮಾಲಿಕರು ಎರಡು ಸಲ ಬದಲಾದರು. ಗೋಡೆಯಾಚೆಯ ಜನ ಅಲ್ಲೇ ಉಳಿದರು.

ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಆಂಧ್ರ ಸರಕಾರ ಆಗ ತಡಮಾಡಲಿಲ್ಲ. ಸತ್ತವರ ಮನೆಗೆ 1 ಕೋಟಿ ರೂಪಾಯಿ, ಕೃತಕ ಉಸಿರಾಟದಲ್ಲಿದ್ದವರಿಗೆ 10 ಲಕ್ಷ, ಎರಡು ಮೂರು ದಿನ ಆಸ್ಪತ್ರೆಯಲ್ಲಿದ್ದವರಿಗೆ 1 ಲಕ್ಷ, ಔಷಧಿ ಪಡೆದು ಮನೆಗೆ ಮರಳಿದವರಿಗೆ 25,000, ಊರಿನ ಜನರಿಗೆ ತಲೆಗೆ 10,000 ಎಂದು ಅಂದೇ ಸಾರಿತು. ಮಾರನೆಯ ದಿನವೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಂಪನಿಯಿಂದ 50 ಕೋಟಿ ಠೇವಣಿ ಕೇಳಿತು. 1991ರ ಸಾರ್ವಜನಿಕ ಹೊಣೆ ವಿಮಾ ಕಾಯಿದೆ ಸತ್ತವನಿಗೆ ಕಟ್ಟಿದ್ದ ಬೆಲೆ 25,000 ರೂಪಾಯಿ ಎಂಬುದನ್ನು ನೆನೆದರೆ ಇದು ದೊಡ್ಡ ಹೆಜ್ಜೆಯೇ.

ಆದರೆ ಈ ದರಪಟ್ಟಿಯನ್ನು ಮತ್ತೊಮ್ಮೆ ಓದಿ. ವಿಷ ಎಷ್ಟು ಒಳಹೊಕ್ಕಿತೆಂಬುದರ ಅಳತೆ ಆಸ್ಪತ್ರೆಯಲ್ಲಿ ಮಲಗಿದ ದಿನಗಳ ಲೆಕ್ಕ! ಆಗ ಕೊರೋನಾ ಬಂದ್ ಇತ್ತು. ಆಸ್ಪತ್ರೆಗೆ ಹೋಗಲು ಜನ ಹೆದರುತ್ತಿದ್ದ ಕಾಲ. ಮನೆಯಲ್ಲೇ ಕೆಮ್ಮುತ್ತ ಕಳೆದವನು ಯಾವ ಸಾಲಿಗೆ ಸೇರಬೇಕು? ಪಡಿತರ ಚೀಟಿ ದೂರದ ಹಳ್ಳಿಯಲ್ಲಿಟ್ಟು ಬಾಡಿಗೆ ಕೋಣೆಯಲ್ಲಿ ಮಲಗಿದ್ದ ಕೂಲಿಯವನು ಯಾವ ಊರಿನವನು? ಸ್ಟೈರೀನ್ ಕ್ಯಾನ್ಸರ್ ತರುವ ಸಂಭವವಿರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2018ರಲ್ಲೇ ವರ್ಗೀಕರಿಸಿದೆ. ಇಂಥ ರೋಗ ಹತ್ತಿಪ್ಪತ್ತು ವರ್ಷ ತಡೆದು ಬರಬಹುದು. ಆಗ ಯಾವ ಕಚೇರಿಯ ಬಾಗಿಲು ತಟ್ಟುವುದು?

ಇದು ಊಹೆಯ ಭಯವೆಂದು ಯಾರಾದರೂ ಹೇಳಿದರೆ ಅಮೆರಿಕದ ನವಾಹೊ ಬುಡಕಟ್ಟಿನವರ ಕಡೆಗೆ ಕೈ ತೋರಿಸುತ್ತೇವೆ. ಅವರ ನೆಲದಲ್ಲಿ 1944ರಿಂದ 1986ರ ತನಕ ಯುರೇನಿಯಂ ತೆಗೆದರು. ಗಾಳಿಯಾಡದ ಗಣಿಗೆ ಗಂಡಸರನ್ನು ಇಳಿಸಿದರು; ಅಲ್ಲಿಯ ಗಾಳಿಯಲ್ಲಿ ಏನಿದೆಯೆಂದು ಹೇಳಲಿಲ್ಲ. ಬೀಡಿ ಸಿಗರೇಟು ಮುಟ್ಟದವರೂ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತರು. ವಿಧವೆಯರು ಒಂದೆಡೆ ಕೂಡಿ ಮಾತಾಡಿಕೊಂಡಾಗಲೇ ಎಲ್ಲ ಮನೆಯ ರೋಗವೂ ಒಂದೇ ಎಂದು ತಿಳಿದದ್ದು. ಪರಿಹಾರದ ಕಾನೂನು ಬಂದದ್ದು 1990ರಲ್ಲಿ: ಗಣಿಗಾರನಿಗೆ 1 ಲಕ್ಷ ಡಾಲರ್. ಅದಿರು ಸಾಗಿಸಿದ ಲಾರಿಯವನೂ ಅದಿರು ಅರೆದ ಗಿರಣಿಯವನೂ ಲೆಕ್ಕಕ್ಕೆ ಸೇರಲು 2000ದ ತನಕ ಕಾಯಬೇಕಾಯಿತು. ಇನ್ನು ಕುಲಾಚಾರದಂತೆ ಮದುವೆಯಾದ ಮುದುಕಿಯರನ್ನು ಮದುವೆಯ ಸರ್ಟಿಫಿಕೇಟು ಕೇಳಿದರು! ಆ ಕಾನೂನು 2024ರ ಜೂನಿನಲ್ಲಿ ಅವಧಿ ತೀರಿ ಸತ್ತಿತು. ಹೋರಾಡಿದ ಮೇಲೆ 2025ರ ಜುಲೈಯಲ್ಲಿ ಮತ್ತೆ ಜೀವ ಬಂತು. ಅಷ್ಟು ಶ್ರೀಮಂತ ದೇಶದ ಕಥೆ ಇದು.

ಅಷ್ಟು ದೂರವೇಕೆ, ನಮ್ಮ ಕಾಸರಗೋಡಿನ ಸಂಗತಿಯೇ ಸಾಲದೆ? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಬಾಧಿತರಿಗೆ ಮೂರು ತಿಂಗಳಲ್ಲಿ 5 ಲಕ್ಷ ಕೊಡಿರೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆಜ್ಞಾಪಿಸಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ, 3,704 ಮಂದಿಯಲ್ಲಿ ದುಡ್ಡು ಮುಟ್ಟಿದ್ದು 8 ಮಂದಿಗೆ. ಆ ಎಂಟು ಮಂದಿ ಯಾರು? ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದವರು. ಹಂಚಿಕೆ ಚುರುಕಾದದ್ದು ಆ ಬಳಿಕವೇ.

ಅಪಾಯದ ಉದ್ಯಮ ನಡೆಸುವವನು ಯಾವ ನೆಪವನ್ನೂ ಹೇಳದೆ ಪೂರ್ತಿ ನಷ್ಟ ತುಂಬಬೇಕೆಂದು ಸುಪ್ರೀಂ ಕೋರ್ಟು 1986ರಲ್ಲಿಯೇ ತೀರ್ಪಿತ್ತಿದೆ. ದಿಲ್ಲಿಯ ಶ್ರೀರಾಮ್ ಕಾರ್ಖಾನೆಯ ಅನಿಲ ಸೋರಿಕೆಯ ಮೊಕದ್ದಮೆಯದು. ಹಾಗಿದ್ದ ಮೇಲೆ ವೆಂಕಟಾಪುರದವರ ಆರೋಗ್ಯದ ದಾಖಲೆ ಪುಸ್ತಕವನ್ನು ಕನಿಷ್ಠ ಇಪ್ಪತ್ತು ವರ್ಷ ತೆರೆದಿಡಬೇಕು, ಅದರ ವೆಚ್ಚವನ್ನು ಕಂಪನಿಯೇ ಹೊರಬೇಕು, ಕಾಗದವಿಲ್ಲದವನಿಗೆ ನೆರೆಯವರಿಬ್ಬರ ಸಾಕ್ಷಿ ಸಾಕೆಂದು ಒಪ್ಪಬೇಕು ಎಂದು ನಾವು ಒತ್ತಾಯಪಡಿಸುತ್ತೇವೆ. ದುಡ್ಡಿಲ್ಲವೆಂಬ ಮಾತು ಬೇಡ. ಋಷಿಕೊಂಡದ ಗುಡ್ಡವನ್ನು ಕಡಿದು ಭವ್ಯ ಕಟ್ಟಡ ಏಳಿಸಲು ಅದೇ ಸರಕಾರಕ್ಕೆ ನೂರಾರು ಕೋಟಿ ಸಿಕ್ಕಿತು.

ಇದರಲ್ಲಿ ನಮಗೇನು ಎಂದು ಸದಸ್ಯ ಬಾಂಧವರು ಕೇಳಬಹುದು. ನಮ್ಮಲ್ಲಿ ಬಹು ಮಂದಿ ಹೋಟೆಲಿನ ಅಟ್ಟದ ಮೇಲೆಯೇ ಮಲಗುವವರು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಬಾಡಿಗೆ ಚೀಟಿಯಿಲ್ಲ, ಸಂಬಳವೋ ಕೈಗೆ ಕೊಟ್ಟದ್ದು. ಪಕ್ಕದ ಗೋದಾಮಿನಲ್ಲಿ ಏನು ತುಂಬಿಟ್ಟಿದ್ದಾರೆಂದು ಮಾಣಿಗೆ ತಿಳಿಯದು, ಭಟ್ಟರಿಗೂ ತಿಳಿಯದು. ನಾಳೆ ಇಲ್ಲಿ ಅಂಥದೇ ನಡೆದರೆ ನಾವು ಅಲ್ಲಿದ್ದೆವೆಂಬುದಕ್ಕೇ ರುಜುವಾತಿಲ್ಲ.

ಆದುದರಿಂದ ಸಂಘದ ಕಚೇರಿಯಲ್ಲಿ ಒಂದು ದೊಡ್ಡ ಪುಸ್ತಕ ತೆರೆದಿದ್ದೇವೆ. ಪ್ರತಿ ಭಾನುವಾರ ಮಧ್ಯಾಹ್ನದ ಊಟದ ಹೊತ್ತು ಮುಗಿದ ಮೇಲೆ ಬನ್ನಿ. ಹೆಸರು, ಊರು, ಕೆಲಸ ಮಾಡುವ ಹೋಟೆಲು, ಮಲಗುವ ಜಾಗ, ಜತೆಗಿರುವ ಇಬ್ಬರ ಹೆಸರು ಬರೆಸಿ ರುಜು ಹಾಕಿ. ಆಸ್ಪತ್ರೆಯ ಚೀಟಿ, ಔಷಧಿಯ ಬಿಲ್ಲು, ಇ.ಎಸ್.ಐ. ಕಾರ್ಡು ಏನಿದ್ದರೂ ತನ್ನಿ; ನಕಲು ತೆಗೆದಿಟ್ಟು ಮೂಲವನ್ನು ಹಿಂದಿರುಗಿಸುತ್ತೇವೆ. ಓದುಬರಹ ಬಾರದವರು ಸಂಕೋಚಪಡಬೇಕಾಗಿಲ್ಲ, ಬರೆಯಲು ಅಲ್ಲಿ ಜನ ಇರುತ್ತಾರೆ.